ಐದನೆಯ ಪುಸ್ತಕದ ಊರು

ಸ್ಪೇನ್ ದೇಶದ ರಾಜಧಾನಿಯಾದ ಮಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 210 ಕಿಲೋಮೀಟರು ಸಾಗಿದರೆ, ಗೋಧಿಯ ಹೊಲಗಳೂ ಓಕ್ ಮರಗಳು ಚೆದುರಿ ನಿಂತ ಹುಲ್ಲುಗಾವಲುಗಳೂ ಹಬ್ಬಿರುವ ಎತ್ತರದ ಬಯಲಿನ ನಡುವೆ, ತೋರ್ಮೆಸ್ ಎಂಬ ನದಿಯ ಬಲದಂಡೆಯ ಮೇಲೆ ಸಾಲಮಾಂಕಾ ನಗರವು ಗೋಚರಿಸುತ್ತದೆ. ದೂರದಿಂದ ಬರುವವನ ಕಣ್ಣಿಗೆ ಮೊದಲು ಬೀಳುವುದು ಅದರ ಬಣ್ಣ. ಗುಡಿ, ಗೋಪುರ, ವಿದ್ಯಾಶಾಲೆ, ಅಂಗಡಿ, ಮನೆ—ಎಲ್ಲವೂ ಒಂದೇ ಕಲ್ಲಿನವು. ಎಲ್ಲವೂ ಸಂಜೆಯ ಬಿಸಿಲಿಗೆ ಹೊನ್ನಿನಂತೆ ಹೊಳೆಯುವಂಥವು. ಹತ್ತಿರದ ವಿಯ್ಯಮಯೋರ್ ಎಂಬ ಗ್ರಾಮದ ಗಣಿಗಳಿಂದ ತಂದ ಈ ಕಲ್ಲು ನೆಲದಿಂದ ತೆಗೆದ ಹೊಸತರಲ್ಲಿ ಉಳಿಗೆ ಸುಲಭವಾಗಿ ಒಗ್ಗುವಷ್ಟು ಮೃದುವಾಗಿರುತ್ತದೆ. ಗಾಳಿಬಿಸಿಲುಗಳಿಗೆ ಮೈಯೊಡ್ಡುತ್ತ ಗಟ್ಟಿಯಾಗುತ್ತದೆ. ಅದರೊಳಗಿನ ಕಬ್ಬಿಣದ ಅಂಶ ಮೇಲೆ ಬಂದು ಹೊಂಬಣ್ಣವನ್ನು ತಳೆಯುತ್ತದೆ. ಬೇಲೂರು ಹಳೇಬೀಡುಗಳ ಬಳಪದ ಕಲ್ಲನ್ನು ಬಲ್ಲ ಕನ್ನಡಿಗರಿಗೆ, ಮೊದಲು ಮೆತ್ತಗಿದ್ದು ಬಳಿಕ ಬಲಿಯುವ ಈ ಗುಣ ಅಪರಿಚಿತವೇನಲ್ಲ.

ಈ ಊರಿನ ಬೀದಿಗಳಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಒಂದು ವಿಚಿತ್ರ ಜನಸಂದಣಿಯನ್ನು ಕಾಣಬಹುದು. ಜಪಾನಿನ ತರುಣಿ, ಬ್ರೆಜಿಲಿನ ಉಪಾಧ್ಯಾಯ, ಜರ್ಮನಿಯ ನಿವೃತ್ತ ಅಧಿಕಾರಿ, ಮೊರಾಕ್ಕೊ ದೇಶದಿಂದ ದುಡಿಯಬಂದ ಯುವಕ—ಇಂಥವರೆಲ್ಲ ಕೈಯಲ್ಲಿ ನೋಟುಪುಸ್ತಕ ಹಿಡಿದು, ತುಟಿಗಳಲ್ಲಿ ಏನನ್ನೋ ಗುಣುಗುಣಿಸುತ್ತ ನಡೆಯುತ್ತಿರುತ್ತಾರೆ. ಅವರು ಜಪಿಸುತ್ತಿರುವುದು ಮಂತ್ರವನ್ನಲ್ಲ. ಸ್ಪ್ಯಾನಿಷ್ ಭಾಷೆಯ ಕ್ರಿಯಾಪದಗಳನ್ನು. 1218ರಲ್ಲಿ ಲಿಯೋನಿನ ದೊರೆ ಒಂಬತ್ತನೆಯ ಅಲ್ಫೋನ್ಸೊ ಸ್ಥಾಪಿಸಿದ ಇಲ್ಲಿನ ವಿಶ್ವವಿದ್ಯಾನಿಲಯವು 1929ರಿಂದಲೂ ಪರದೇಶೀಯರಿಗೆ ತನ್ನ ನಾಡಿನ ನುಡಿಯನ್ನು ಕಲಿಸುತ್ತ ಬಂದಿದೆ. ಅದರ ಸುತ್ತ ಖಾಸಗಿ ಶಾಲೆಗಳೂ ಅನೇಕ ಎದ್ದಿವೆ. ಕೆಲವು ಊರುಗಳು ನೇಯ್ಗೆಯಿಂದ ಬದುಕುತ್ತವೆ, ಕೆಲವು ಗಣಿಯಿಂದ. ಸಾಲಮಾಂಕಾ ಬಹುಮಟ್ಟಿಗೆ ವಿದ್ಯೆಯಿಂದ, ಅದರಲ್ಲೂ ವ್ಯಾಕರಣದಿಂದ ಬದುಕುತ್ತದೆಂದರೆ ತಪ್ಪಾಗದು.

ರಾಣಿ ಕೇಳಿದ ಪ್ರಶ್ನೆ

ಈ ಕಸುಬಿಗೆ ಐದು ಶತಮಾನಗಳಿಗೂ ಮೀರಿದ ಇತಿಹಾಸವಿದೆ. 1492ನೆಯ ಇಸವಿ ಸ್ಪೇನಿನ ಪಾಲಿಗೆ ಒಂದು ಮಹಾವರ್ಷ. ಜನವರಿಯಲ್ಲಿ ಗ್ರಾನಡಾ ನಗರವು ರಾಣಿ ಇಸಬೆಲ್ಲ ಮತ್ತು ರಾಜ ಫರ್ಡಿನೆಂಡರಿಗೆ ಶರಣಾಯಿತು. ಮಾರ್ಚಿಯಲ್ಲಿ ಯೆಹೂದ್ಯರನ್ನು ಹೊರಗಟ್ಟುವ ಕ್ರೂರ ಆಜ್ಞೆ ಹೊರಟಿತು. ಆಗಸ್ಟ್ 3ರಂದು ಕೊಲಂಬಸನು ಹಡಗನ್ನೇರಿದನು. ಅದಾದ ಹದಿನೈದನೆಯ ದಿನ, ಆಗಸ್ಟ್ 18ರಂದು, ಸಾಲಮಾಂಕಾದ ಅಚ್ಚುಕೂಟದಿಂದ ಒಂದು ಪುಸ್ತಕ ಹೊರಬಿದ್ದಿತು. ಕ್ಯಾಸ್ಟಿಲಿಯನ್ ಎಂದು ಹೆಸರಾದ ಸ್ಪ್ಯಾನಿಷ್ ಭಾಷೆಯ ವ್ಯಾಕರಣವದು. ಬರೆದವನು ಅಂತೋನಿಯೊ ದೆ ನೆಬ್ರೀಹಾ. ಸೆವಿಲ್ಲೆಯ ಸಮೀಪದ ಊರಿನವನು. ಸಾಲಮಾಂಕಾದಲ್ಲಿ ಓದಿ, ಇಟಲಿಯ ಬೊಲೋನಾದಲ್ಲಿ ಪಾಂಡಿತ್ಯವನ್ನು ಸಂಪಾದಿಸಿ, ಮರಳಿ ಬಂದು ಇಲ್ಲಿಯೇ ಲ್ಯಾಟಿನ್ ಕಲಿಸುತ್ತಿದ್ದವನು.

ಆ ಕಾಲದ ಯೂರೋಪಿನಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣವೇ. ತಾಯಿಯ ಬಾಯಿಂದ ಕಲಿತ ಮಾತಿಗೆ ಸೂತ್ರವೇಕೆಂಬುದು ಪಂಡಿತರ ಎಣಿಕೆ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಹದಿಮೂರನೆಯ ಶತಮಾನದಲ್ಲಿಯೇ ಪಡೆದಿದ್ದ ಕನ್ನಡಿಗರಿಗೆ ಈ ಎಣಿಕೆ ಸೋಜಿಗವೆನಿಸೀತು, ಆದರೆ ಯೂರೋಪಿನಲ್ಲಿ ಅದು ಸಹಜವಾಗಿತ್ತು. ನೆಬ್ರೀಹಾ ತನ್ನ ಗ್ರಂಥದ ಮಾದರಿಯನ್ನು ಸಾಲಮಾಂಕಾದಲ್ಲಿ ರಾಣಿಯ ಮುಂದಿಟ್ಟಾಗ, ಇದರಿಂದ ಪ್ರಯೋಜನವೇನೆಂದು ಆಕೆ ಕೇಳಿದಳು. ಬಳಿಯಲ್ಲಿದ್ದ ಆವಿಲದ ಬಿಷಪ್ಪನು ನೆಬ್ರೀಹಾನ ಪರವಾಗಿ ಉತ್ತರವಿತ್ತನು: ಗೆದ್ದ ಜನರಿಗೆ ಗೆದ್ದವರ ಕಾನೂನು ಬೇಕಾಗುತ್ತದೆ, ಕಾನೂನಿನ ಜೊತೆಗೆ ಭಾಷೆಯೂ ಬೇಕಾಗುತ್ತದೆ, ಅದನ್ನು ಕಲಿಯಲು ಈ ಪುಸ್ತಕ ಬೇಕಾಗುತ್ತದೆ. ಈ ಸಂಗತಿಯನ್ನು ನೆಬ್ರೀಹಾನೇ ಮುನ್ನುಡಿಯಲ್ಲಿ ದಾಖಲಿಸಿದ್ದಾನೆ. ಬೆಳೆಯುವ ರಾಜ್ಯದೊಡನೆ ಭಾಷೆಯೂ ಬೆಳೆಯುತ್ತದೆ, ಅದು ಕುಸಿದರೆ ಇದೂ ಕುಸಿಯುತ್ತದೆ ಎಂಬುದು ಅವನ ನಂಬಿಕೆ.

ಗ್ರಂಥದಲ್ಲಿ ಐದು ಪುಸ್ತಕಗಳಿವೆ. ಒಂದನೆಯದು ಅಕ್ಷರಗಳನ್ನು ಕುರಿತದ್ದು, ಎರಡನೆಯದು ಛಂದಸ್ಸನ್ನು, ಮೂರನೆಯದು ಪದಗಳನ್ನು, ನಾಲ್ಕನೆಯದು ವಾಕ್ಯರಚನೆಯನ್ನು. ಐದನೆಯದು ಮಾತ್ರ ಬೇರೆ ಬಗೆಯದು. ಅದು ಪರಭಾಷೆಯವರಾಗಿದ್ದು ಈ ನುಡಿಯನ್ನು ಕಲಿಯಬಯಸುವವರಿಗಾಗಿಯೇ ಬರೆದದ್ದು. ಅದರಲ್ಲಿ ವಾದವಿಲ್ಲ, ಪಾಂಡಿತ್ಯದ ಆಡಂಬರವಿಲ್ಲ. ಅಕ್ಷರಗಳು, ನಾಮಪದದ ರೂಪಗಳು, ಕ್ರಿಯಾಪದದ ಪಟ್ಟಿಗಳು—ಮನೆಗೆ ಬಂದ ಅತಿಥಿಗೆ ಕಾಲಿಗೆ ನೀರು ಕೊಟ್ಟಂತೆ. ಮುನ್ನುಡಿಯಲ್ಲಿ ಆಳುವವನ ದನಿ. ಕೊನೆಯ ಪುಸ್ತಕದಲ್ಲಿ ಆತಿಥೇಯನ ದನಿ. ಒಂದೇ ರಟ್ಟಿನ ನಡುವೆ ಎರಡೂ ಇವೆ. ಇಂದಿನ ಸಾಲಮಾಂಕಾದ ಬೆಳಗು ಈ ಐದನೆಯ ಪುಸ್ತಕದಿಂದಲೇ ಆರಂಭವಾಗುತ್ತದೆ.

ಬೆಳಗಿನ ಪಾಠ

ಆ ತರಗತಿಯ ಬೆಂಚಿನ ಮೇಲೆ ಕನ್ನಡಿಗನೊಬ್ಬನು ಕುಳಿತಿರುವನೆಂದು ಭಾವಿಸೋಣ. ಮೊದಲ ಅರ್ಧ ಗಂಟೆಯಲ್ಲಿ ಅವನಿಗೆ ಆನಂದವೇ ಆನಂದ. ಇಂಗ್ಲಿಷಿನಂತೆ ಇಲ್ಲಿ ಬರೆಯುವುದೊಂದು, ಓದುವುದೊಂದು ಎಂಬ ಕಾಟವಿಲ್ಲ. ಉಚ್ಚರಿಸಿದಂತೆ ಬರೆಯಬೇಕು, ಬರೆದಂತೆ ಉಚ್ಚರಿಸಬೇಕೆಂಬುದು ನೆಬ್ರೀಹಾ ಹಿಡಿದ ಸೂತ್ರ. ಅ, ಎ, ಇ, ಒ, ಉ—ಐದೇ ಸ್ವರಗಳು. ಕನ್ನಡ ವರ್ಣಮಾಲೆಯಲ್ಲಿ ಒಂಟಿಯಾಗಿ ಹೆಚ್ಚು ಕೆಲಸವಿಲ್ಲದೆ ಕುಳಿತಿರುವ ‘ಞ’ ಅಕ್ಷರಕ್ಕೆ ಇಲ್ಲಿ ಕೈತುಂಬ ಕೆಲಸ. ದೇಶದ ಹೆಸರೇ ‘ಎಸ್ಪಾಞ’; ನಾಳೆ ಎನ್ನಲು ‘ಮಞಾನ’. ಬೆಳಗ್ಗೆ ಎಂಬುದಕ್ಕೂ ಅದೇ ಮಾತು! ಒಂದೆರಡು ಅಪವಾದಗಳನ್ನು ನೆನಪಿಟ್ಟರೆ ಸಾಕು. ಹಕಾರವನ್ನು ಬರೆಯುತ್ತಾರೆ, ನುಡಿಯುವುದಿಲ್ಲ. ಚೌಕವೆಂಬ ಅರ್ಥದ ಮಾತನ್ನು ಸಾಲಮಾಂಕಾದಲ್ಲಿ ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ‘ಪ್ಲಾಥ’ ಎನ್ನುತ್ತಾರೆ. ಅದೇ ಮಾತು ಮೆಕ್ಸಿಕೊ ನಾಡಿನಲ್ಲಿ ‘ಪ್ಲಾಸ’.

ಬಳಿಕ ಕ್ರಿಯಾಪದಗಳು. ಸ್ಪ್ಯಾನಿಷಿನ ಎಲ್ಲ ಧಾತುಗಳೂ ‘ಆರ್’, ‘ಎರ್’, ‘ಇರ್’ ಎಂಬ ಮೂರು ಕೊನೆಗಳಲ್ಲಿ ಒಂದನ್ನು ಪಡೆದಿರುತ್ತವೆ. ‘ಆಬ್ಲಾರ್’ ಎಂದರೆ ಮಾತನಾಡುವುದು. ಅದರ ‘ಆರ್’ ಎಂಬ ಬಾಲವನ್ನು ಕತ್ತರಿಸಿ ಬೇರೆ ಬೇರೆ ಬಾಲಗಳನ್ನು ಅಂಟಿಸಬೇಕು. ‘ಆಬ್ಲೊ’—ಮಾತನಾಡುತ್ತೇನೆ, ‘ಆಬ್ಲಾಸ್’—ಮಾತನಾಡುತ್ತೀಯೆ, ‘ಆಬ್ಲಾ’—ಮಾತನಾಡುತ್ತಾನೆ, ‘ಆಬ್ಲಾಮೊಸ್’—ಮಾತನಾಡುತ್ತೇವೆ, ‘ಆಬ್ಲಾಯಿಸ್’—ಮಾತನಾಡುತ್ತೀರಿ, ‘ಆಬ್ಲಾನ್’—ಮಾತನಾಡುತ್ತಾರೆ. ತಿನ್ನುವುದಕ್ಕೆ ‘ಕೊಮೆರ್’, ಬದುಕುವುದಕ್ಕೆ ‘ಬಿಬಿರ್’. ಇವೆರಡರ ಬಾಲಗಳು ಹೆಚ್ಚುಕಡಿಮೆ ಒಂದೇ, ‘ನಾವು’ ಮತ್ತು ‘ನೀವು’ ಎಂಬೆಡೆಗಳಲ್ಲಿ ಮಾತ್ರ ಭೇದ.

ಇಂಗ್ಲಿಷ್ ತರುಣನು ಪ್ರತಿ ವಾಕ್ಯಕ್ಕೂ ‘ನಾನು, ನಾನು’ ಎಂದು ತಲೆಕಟ್ಟನ್ನು ಸೇರಿಸುತ್ತ ಹೋಗುತ್ತಾನೆ. ಉಪಾಧ್ಯಾಯಿನಿ ತಿದ್ದುತ್ತ ಹೋಗುತ್ತಾಳೆ. ಕನ್ನಡಿಗನಿಗೆ ಈ ತಿದ್ದುಪಡಿ ಬೇಕಿಲ್ಲ. ‘ನಾಳೆ ಬರುತ್ತೇನೆ’ ಎಂದಾಗ ಬರುವವನು ಯಾರೆಂದು ಯಾವ ಕನ್ನಡಿಗನೂ ಕೇಳುವುದಿಲ್ಲ. ಕ್ರಿಯಾಪದದ ಬಾಲವೇ ಕರ್ತೃವನ್ನು ಹೇಳಿಬಿಡುತ್ತದೆ. ಸ್ಪ್ಯಾನಿಷಿನ ರೀತಿಯೂ ಅದೇ. ಆದರೆ ‘ಆಬ್ಲಾ’ ಎಂದಾಗ ಮಾತನಾಡುವವನು ಗಂಡೋ ಹೆಣ್ಣೋ ತಿಳಿಯದು. ಕನ್ನಡದ ‘ಆನೆ’, ‘ಆಳೆ’ಗಳ ವಿವರ ಅಲ್ಲಿಲ್ಲ.

ಆ ವಿವರವನ್ನೆಲ್ಲ ಸ್ಪ್ಯಾನಿಷ್ ನಾಮಪದಗಳ ಮೇಲೆ ಸುರಿದಿದೆ. ಇಲ್ಲಿ ಕನ್ನಡಿಗನ ಆನಂದಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಕಲ್ಲುಮರಗಳು ನಪುಂಸಕ. ಸ್ಪ್ಯಾನಿಷಿನಲ್ಲಿ ನಾಮಪದಗಳಿಗೆ ನಪುಂಸಕವೇ ಇಲ್ಲ. ಕಲ್ಲೂ ಮರವೂ ಗಂಡು ಹೆಣ್ಣುಗಳಲ್ಲಿ ಹಂಚಿಹೋಗಬೇಕು. ಪುಸ್ತಕ ಗಂಡು—‘ಎಲ್ ಲಿಬ್ರೊ’. ಮೇಜು ಹೆಣ್ಣು—‘ಲಾ ಮೇಸ’. ಒಕಾರದಲ್ಲಿ ಮುಗಿದದ್ದು ಗಂಡು, ಅಕಾರದಲ್ಲಿ ಮುಗಿದದ್ದು ಹೆಣ್ಣು ಎಂಬುದು ಸಾಮಾನ್ಯ ನಿಯಮ. ಆದರೆ ಕೈ ಎಂಬ ಅರ್ಥದ ‘ಮಾನೊ’ ಹೆಣ್ಣು. ದಿನವೆಂಬ ‘ದೀಆ’ ಗಂಡು. ಗುಣವಾಚಕವು ನಾಮಪದದ ಹಿಂದೆ ನಡೆಯುತ್ತದೆ, ಅದರ ಲಿಂಗವಚನಗಳನ್ನೂ ಧರಿಸುತ್ತದೆ. ಬಿಳಿಯ ಮನೆ ‘ಕಾಸ ಬ್ಲಾಂಕ’. ಬಿಳಿಯ ಮನೆಗಳು ‘ಕಾಸಾಸ್ ಬ್ಲಾಂಕಾಸ್’. ಬಿಳಿಯ ಪುಸ್ತಕ ‘ಲಿಬ್ರೊ ಬ್ಲಾಂಕೊ’. ದಣಿದವನು ‘ಕನ್ಸಾದೊ’ ಎನ್ನುವನು, ದಣಿದವಳು ‘ಕನ್ಸಾದ’ ಎನ್ನುವಳು.

ವಾಕ್ಯದ ಕ್ರಮವೂ ಬೇರೆ. ‘ಹುಡುಗಿ ಪುಸ್ತಕವನ್ನು ಕೊಳ್ಳುತ್ತಾಳೆ’ ಎಂಬುದು ‘ಲಾ ನಿಞ ಕೊಂಪ್ರ ಎಲ್ ಲಿಬ್ರೊ’ ಎಂದಾಗುತ್ತದೆ; ಅಂದರೆ, ‘ಹುಡುಗಿ ಕೊಳ್ಳುತ್ತಾಳೆ ಪುಸ್ತಕ’. ಕ್ರಿಯೆ ನಡುವೆ, ಕರ್ಮ ಕೊನೆಗೆ. ಕನ್ನಡದ ವಿಭಕ್ತಿ ಪ್ರತ್ಯಯಗಳು ಪದದ ಹಿಂದೆ ಅಂಟಿದರೆ, ಇಲ್ಲಿನ ಕಿರುಪದಗಳು ಮುಂದೆ ನಿಲ್ಲುತ್ತವೆ: ಮನೆಯಲ್ಲಿ ಎನ್ನಲು ‘ಎನ್ ಲಾ ಕಾಸ’. ಆದರೆ ಒಂದು ಬೆರಗೂ ಇದೆ. ಪುಸ್ತಕವೆಂಬ ಕರ್ಮವು ಕುಗ್ಗಿ ‘ಅದನ್ನು’ ಎಂಬ ಸರ್ವನಾಮವಾದ ಕೂಡಲೆ ಓಡಿಬಂದು ಕ್ರಿಯಾಪದದ ಮುಂದೆ ನಿಲ್ಲುತ್ತದೆ: ‘ಲಾ ನಿಞ ಲೊ ಕೊಂಪ್ರ’—‘ಹುಡುಗಿ ಅದನ್ನು ಕೊಳ್ಳುತ್ತಾಳೆ’. ಒಂದು ಕ್ಷಣ ಸ್ಪ್ಯಾನಿಷ್ ವಾಕ್ಯವು ಕನ್ನಡದ ನಡಿಗೆಯನ್ನೇ ನಡೆಯುತ್ತದೆ.

ಕಾಫಿಯಂಗಡಿಯಲ್ಲಿ

ಹನ್ನೊಂದು ಗಂಟೆಗೆ ತರಗತಿಗೆ ಬಿಡುವು. ವಿದ್ಯಾರ್ಥಿಗಳು ಪ್ಲಾಥ ಮಯೋರ್ ಎಂಬ ಮಹಾಚೌಕಕ್ಕೆ ನಡೆಯುತ್ತಾರೆ. 1729ರಿಂದ 1755ರವರೆಗೆ ಕಟ್ಟಿದ ಈ ಚೌಕದ ಮೊದಲ ಶಿಲ್ಪಿ ಅಲ್ಬೆರ್ತೊ ಚುರಿಗೇರ. ನಾಲ್ಕೂ ಕಡೆ ಕಮಾನುಗಳ ಸಾಲು. ಕಮಾನುಗಳ ನಡುವೆ ರಾಜರ, ವೀರರ, ಕವಿಪಂಡಿತರ ಮುಖಗಳನ್ನು ಕೆತ್ತಿದ ಪದಕಗಳು. ಕೆಳಗೆ ನೆರಳಿನಲ್ಲಿ ಕಾಫಿಯಂಗಡಿಗಳು.

ಇಲ್ಲಿ ಕನ್ನಡಿಗನು ಪುನಃ ಚೇತರಿಸಿಕೊಳ್ಳುತ್ತಾನೆ. ಕಾಫಿ ಇಷ್ಟವೆಂದು ಹೇಳಬೇಕಾಗಿದೆ. ಇಂಗ್ಲಿಷಿನ ಅಚ್ಚಿನಲ್ಲಿ ಆಲೋಚಿಸುವವನು ‘ನಾನು ಕಾಫಿಯನ್ನು ಇಷ್ಟಪಡುತ್ತೇನೆ’ ಎಂಬ ಮಾರ್ಗವನ್ನು ಹಿಡಿದು ದಾರಿತಪ್ಪುತ್ತಾನೆ. ಸ್ಪ್ಯಾನಿಷ್ ಹೇಳುವುದು ‘ಮೆ ಗುಸ್ತ ಎಲ್ ಕಫೆ’. ‘ಮೆ’ ಎಂದರೆ ನನಗೆ. ‘ಗುಸ್ತ’ ಎಂದರೆ ಹಿಡಿಸುತ್ತದೆ. ‘ಎಲ್ ಕಫೆ’ ಎಂದರೆ ಕಾಫಿ. ನನಗೆ ಕಾಫಿ ಹಿಡಿಸುತ್ತದೆ! ಇಷ್ಟಪಡುವವನು ಇಲ್ಲಿ ಕರ್ತೃವಲ್ಲ. ಚತುರ್ಥಿ ವಿಭಕ್ತಿಯಲ್ಲಿ ನಿಂತ ಸಂಪ್ರದಾನ. ಕರ್ತೃ ಕಾಫಿ. ಹಿಡಿಸಿದ್ದು ಒಂದಕ್ಕಿಂತ ಹೆಚ್ಚಾದರೆ ಕ್ರಿಯಾಪದವೂ ಬಹುವಚನವಾಗುತ್ತದೆ: ‘ಮೆ ಗುಸ್ತಾನ್ ಲೊಸ್ ಲಿಬ್ರೊಸ್’—ನನಗೆ ಪುಸ್ತಕಗಳು ಹಿಡಿಸುತ್ತವೆ. ತಲೆನೋವು ಬಂದರೂ ಅದೇ ಕ್ರಮ: ‘ಮೆ ದ್ವೆಲೆ ಲಾ ಕಬೇಥ’—ನನಗೆ ತಲೆ ನೋಯುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ಎಡವುವ ಈ ಹೊಸ್ತಿಲನ್ನು ಕನ್ನಡಿಗನು ಕಣ್ಣು ಮುಚ್ಚಿ ದಾಟಬಲ್ಲನು. ಆದರೆ ಮೈಮರೆಯಕೂಡದು. ‘ನನಗೆ ಹಸಿವೆ’, ‘ನನಗೆ ಇಪ್ಪತ್ತು ವರ್ಷ’ ಎಂಬಲ್ಲಿ ಸ್ಪ್ಯಾನಿಷ್ ಬೇರೆ ದಾರಿ ಹಿಡಿಯುತ್ತದೆ. ಹಸಿವನ್ನೂ ವರ್ಷಗಳನ್ನೂ ಅವರು ‘ಹೊಂದಿರುತ್ತಾರೆ’. ‘ತೆಂಗೊ ಆಂಬ್ರೆ’—ಹಸಿವೆಯನ್ನು ಹೊಂದಿದ್ದೇನೆ.

ಅಂಗಡಿಯವನನ್ನು ಹೇಗೆ ಸಂಬೋಧಿಸಬೇಕು? ಸಮಾನರಿಗೂ ಮಕ್ಕಳಿಗೂ ‘ತು’. ಹಿರಿಯರಿಗೂ ಅಪರಿಚಿತರಿಗೂ ‘ಉಸ್ತೇದ್’. ಈ ಎರಡನೆಯದು ಎದುರಿಗೆ ನಿಂತವನನ್ನು ಕುರಿತದ್ದಾದರೂ ಅದರ ಕ್ರಿಯಾಪದ ಮಾತ್ರ ಪ್ರಥಮಪುರುಷದ್ದು, ಅಂದರೆ ಅವನು ಅವಳು ಎಂಬುವಕ್ಕೆ ಸಲ್ಲುವಂಥದ್ದು. ಇದೇಕೆ ಹೀಗೆ ಎಂದು ಅನೇಕರು ತಲೆ ಕೆರೆದುಕೊಳ್ಳುತ್ತಾರೆ. ‘ಬ್ವೆಸ್ತ್ರ ಮೆರ್ಥೇದ್’, ಎಂದರೆ ‘ತಮ್ಮ ಕೃಪೆ’ ಎಂಬ ಗೌರವದ ಮಾತು ಜನರ ನಾಲಗೆಯ ಮೇಲೆ ಸವೆದು ಸವೆದು ‘ಉಸ್ತೇದ್’ ಆಯಿತು. ಮಠದ ಹಜಾರದಲ್ಲಿ ‘ಸ್ವಾಮಿಗಳು ಯಾವಾಗ ದಯಮಾಡಿಸಿದರು?’ ಎಂದು ಸ್ವಾಮಿಗಳನ್ನೇ ಕೇಳಿದವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೌರವವು ಎದುರಿನವನನ್ನು ಒಂದು ಹೆಜ್ಜೆ ದೂರ ನಿಲ್ಲಿಸಿ ಮಾತನಾಡಿಸುತ್ತದೆ.

ಅಲ್ಲ ಮತ್ತು ಇಲ್ಲ

ಮಧ್ಯಾಹ್ನದ ಪಾಠವು ಸ್ಪ್ಯಾನಿಷ್ ಕಲಿಯುವವರನ್ನು ಜಗತ್ತಿನಾದ್ಯಂತ ಕಾಡುವ ಪಾಠ. ‘ಇರು’ ಎಂಬುದಕ್ಕೆ ಆ ಭಾಷೆಯಲ್ಲಿ ಎರಡು ಕ್ರಿಯಾಪದಗಳು: ‘ಸೆರ್’ ಮತ್ತು ‘ಎಸ್ತಾರ್’. ಒಬ್ಬನು ಯಾರು, ಏನು, ಎಲ್ಲಿಯವನು ಎಂಬುದಕ್ಕೆ ‘ಸೆರ್’. ಅವನು ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದಕ್ಕೆ ‘ಎಸ್ತಾರ್’. ಒಂದನ್ನು ಹೇಳಬೇಕಾದೆಡೆ ಇನ್ನೊಂದನ್ನು ಹೇಳಿದರೆ ಅರ್ಥವೇ ಮಗುಚುತ್ತದೆ. ‘ಎಸ್ ಲಿಸ್ತೊ’ ಎಂದರೆ ಅವನು ಜಾಣ. ‘ಎಸ್ತಾ ಲಿಸ್ತೊ’ ಎಂದರೆ ಅವನು ಸಿದ್ಧನಾಗಿದ್ದಾನೆ.

ಈ ಭೇದವನ್ನು ಕನ್ನಡವು ತನ್ನದೇ ರೀತಿಯಲ್ಲಿ ಬಲ್ಲದು. ‘ಅವನು ವೈದ್ಯ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ‘ಅವನು ಮನೆಯಲ್ಲಿದ್ದಾನೆ’ ಎಂಬಲ್ಲಿ ಬೇಕೇ ಬೇಕು. ನಿಷೇಧದಲ್ಲಂತೂ ಭೇದವು ಹಗಲಿನಂತೆ ಸ್ಪಷ್ಟ. ‘ಅವನು ವೈದ್ಯನಲ್ಲ’; ‘ಅವನು ಮನೆಯಲ್ಲಿಲ್ಲ’. ವೈದ್ಯನಿಲ್ಲ ಎಂದರೆ ಬೇರೆಯೇ ಅರ್ಥ. ‘ಅಲ್ಲ’ ಬರುವೆಡೆ ‘ನೊ ಎಸ್’, ‘ಇಲ್ಲ’ ಬರುವೆಡೆ ‘ನೊ ಎಸ್ತಾ’—ಇದನ್ನೇ ಮೊದಲ ಅಳತೆಗೋಲಾಗಿ ಹಿಡಿದರೆ ಕನ್ನಡಿಗನು ಬಹಳಷ್ಟು ದೂರ ತಪ್ಪಿಲ್ಲದೆ ನಡೆಯಬಹುದು.

ಬಹಳಷ್ಟು ದೂರ, ಕೊನೆಯವರೆಗೆ ಅಲ್ಲ. ‘ಮಂಜು ತಣ್ಣಗಿರುತ್ತದೆ’, ‘ಸಾರು ತಣ್ಣಗಿದೆ’—ಕನ್ನಡಕ್ಕೆ ಎರಡೆಡೆಯೂ ‘ಇರು’. ಸ್ಪ್ಯಾನಿಷಿಗೆ ಮಂಜಿನ ತಂಪು ಅದರ ಸ್ವಭಾವ, ಆದ್ದರಿಂದ ‘ಸೆರ್’. ಸಾರಿನ ತಂಪು ಅದಕ್ಕೊದಗಿದ ಸ್ಥಿತಿ, ಆದ್ದರಿಂದ ‘ಎಸ್ತಾರ್’. ಹಾಗಾದರೆ ಶಾಶ್ವತವಾದದ್ದಕ್ಕೆ ಒಂದು, ಕ್ಷಣಿಕವಾದದ್ದಕ್ಕೆ ಇನ್ನೊಂದು ಎನ್ನೋಣವೆ? ಅನೇಕ ಪಠ್ಯಪುಸ್ತಕಗಳು ಹಾಗೆಯೇ ಹೇಳಿಕೊಡುತ್ತವೆ; ಆದರೆ ಸತ್ತವನ ವಿಷಯದಲ್ಲಿ ಸ್ಪ್ಯಾನಿಷರು ಬಳಸುವುದು ‘ಎಸ್ತಾರ್’! ಮರಣಕ್ಕಿಂತ ಶಾಶ್ವತವಾದದ್ದು ಯಾವುದು? ಆದರೂ ಅದು ಬದುಕಿಗೆ ಒದಗಿದ ಒಂದು ಪರಿಣಾಮವೇ ಹೊರತು ಮನುಷ್ಯನ ಸ್ವರೂಪವಲ್ಲವೆಂದು ಆ ಭಾಷೆ ಎಣಿಸುತ್ತದೆ. ವ್ಯಾಕರಣವು ಒಮ್ಮೊಮ್ಮೆ ವೇದಾಂತದ ಹೊಸ್ತಿಲಲ್ಲಿ ನಿಲ್ಲಿಸುವುದೆಂದರೆ ಹೀಗೆ.

ನಿನ್ನೆ ಹೇಳುತ್ತಿದ್ದಂತೆ

ಸಾಲಮಾಂಕಾ ವಿಶ್ವವಿದ್ಯಾನಿಲಯದ ಹಳೆಯ ಕಟ್ಟಡದಲ್ಲಿ ಒಂದು ಕೋಣೆಯಿದೆ. ಒರಟು ತೊಲೆಗಳನ್ನೇ ಬೆಂಚುಗಳನ್ನಾಗಿ ಜೋಡಿಸಿಟ್ಟ ಪುರಾತನ ತರಗತಿ. ಹದಿನಾರನೆಯ ಶತಮಾನದಲ್ಲಿ ಕವಿಯೂ ಸಂನ್ಯಾಸಿಯೂ ಆಗಿದ್ದ ಲೂಯಿಸ್ ದೆ ಲಿಯೋನ್ ಪಾಠ ಹೇಳಿದ ಕೋಣೆಯೆಂದು ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಬೈಬಲಿನ ‘ಪರಮಗೀತೆ’ಯನ್ನು ಜನರ ನುಡಿಗೆ ತಿರುಗಿಸಿದನೆಂಬುದೂ ಸೇರಿದಂತೆ ಹಲವು ಆರೋಪಗಳ ಮೇಲೆ ಧರ್ಮನ್ಯಾಯಾಲಯವು ಅವನನ್ನು 1572ರಲ್ಲಿ ಬಂಧಿಸಿ ವಯ್ಯದೊಲಿದ್ ನಗರದ ಸೆರೆಯಲ್ಲಿಟ್ಟಿತು. ಬಿಡುಗಡೆಯಾದದ್ದು 1576ರ ಕೊನೆಗೆ. ನಾಲ್ಕು ವರ್ಷಗಳಿಗೂ ಮಿಕ್ಕ ಸೆರೆವಾಸದ ಬಳಿಕ ಅವನು ತರಗತಿಗೆ ಮರಳಿದಾಗ, ಕಿಕ್ಕಿರಿದ ವಿದ್ಯಾರ್ಥಿಗಳೆದುರು ಏನೂ ನಡೆದೇ ಇಲ್ಲವೆಂಬಂತೆ ‘ನಿನ್ನೆ ಹೇಳುತ್ತಿದ್ದಂತೆ’ ಎಂದು ಪಾಠವನ್ನಾರಂಭಿಸಿದನೆಂದು ಐತಿಹ್ಯ.

ಇದು ಐತಿಹ್ಯವೇ ಹೊರತು ದಾಖಲೆಯಲ್ಲ. ಪಾಠಗಳು ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಕಾಲವೂ ಅದು. ಆದರೂ ಸ್ಪೇನಿನ ಜನ ನೆನಪಿಟ್ಟುಕೊಂಡಿರುವುದು ‘ದೆಥೀಅಮೊಸ್ ಆಯೆರ್’ ಎಂಬ ಎರಡೇ ಮಾತುಗಳನ್ನು. ಇದರ ಮೊದಲನೆಯ ಮಾತಿನಲ್ಲಿಯೇ ಸ್ಪ್ಯಾನಿಷ್ ಭೂತಕಾಲದ ರಹಸ್ಯವಡಗಿದೆ. ಆ ಭಾಷೆಗೆ ಮುಖ್ಯವಾಗಿ ಎರಡು ಭೂತಕಾಲಗಳು. ಆಗಿ ಮುಗಿದ ಕ್ರಿಯೆಗೆ ಒಂದು, ಆಗುತ್ತಲಿದ್ದ ಕ್ರಿಯೆಗೆ ಇನ್ನೊಂದು. ‘ರೈಲು ಬಂದಾಗ ಮಳೆ ಸುರಿಯುತ್ತಿತ್ತು’ ಎಂಬಲ್ಲಿ ರೈಲಿಗೆ ಮುಗಿದ ಕಾಲ, ಮಳೆಗೆ ಮುಗಿಯದ ಕಾಲ. ‘ಬಂದಿತು’, ‘ಬರುತ್ತಿತ್ತು’ ಎಂಬ ಭೇದ ಕನ್ನಡಿಗನಿಗೆ ಕರಗತವೇ. ಸಂನ್ಯಾಸಿಯು ಮುಗಿದ ಭೂತಕಾಲವನ್ನು ಬಳಸಿದ್ದರೆ ‘ನಿನ್ನೆ ಹೇಳಿದೆವು’ ಎಂದಾಗುತ್ತಿತ್ತು. ಪಾಠ ನಿಂತುಹೋದಂತೆ ಆಗುತ್ತಿತ್ತು. ‘ಹೇಳುತ್ತಿದ್ದೆವು’ ಎಂದಾಗ ಮಾತು ತುಂಡಾಗಲೇ ಇಲ್ಲ. ನಡುವಣ ನಾಲ್ಕು ವರ್ಷಗಳು, ಸೆರೆಮನೆಯ ಕತ್ತಲು, ವಿಚಾರಣೆ—ಎಲ್ಲವೂ ಒಂದು ಪ್ರತ್ಯಯದಲ್ಲಿ ಅಳಿಸಿಹೋದವು. ಬಾಲಪಾಠದ ಪಟ್ಟಿಯಲ್ಲಿ ಕಂಠಪಾಠ ಮಾಡುವ ಒಂದು ರೂಪಕ್ಕೆ ಇಷ್ಟೊಂದು ಶಕ್ತಿಯಿರಬಲ್ಲದೆಂಬುದನ್ನು ಆ ಬೆಂಚುಗಳ ಮುಂದೆ ನಿಂತ ವಿದ್ಯಾರ್ಥಿ ಬೇಗ ಮರೆಯಲಾರ.

ಕಪ್ಪೆಯ ಹುಡುಕಾಟ

ಅದೇ ಕಟ್ಟಡದ ಮುಂಭಾಗವನ್ನು ನೋಡಲು ಯಾವಾಗಲೂ ಜನ ನೆರೆದಿರುತ್ತಾರೆ. ಕಲ್ಲನ್ನು ಬೆಳ್ಳಿಯ ಕೆಲಸದಂತೆ ಕೆತ್ತಿದ ಆ ಗೋಡೆಯ ಸಾವಿರಾರು ಬಳ್ಳಿ, ಮೃಗ, ಮುಖಗಳ ನಡುವೆ, ಬಲಗಡೆಯ ಕಂಬದಲ್ಲಿ, ಒಂದು ತಲೆಬುರುಡೆಯ ಮೇಲೆ ಒಂದು ಪುಟ್ಟ ಕಪ್ಪೆ ಕುಳಿತಿದೆ. ಯಾರ ನೆರವೂ ಇಲ್ಲದೆ ಅದನ್ನು ಕಂಡುಹಿಡಿದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಜಯವೆಂಬುದು ಊರಿನ ನಂಬಿಕೆ. ಕಪ್ಪೆಗೆ ಸ್ಪ್ಯಾನಿಷಿನಲ್ಲಿ ‘ರಾನ’. ಗಂಡು ಕಪ್ಪೆಯಾದರೂ ಅದು ಸ್ತ್ರೀಲಿಂಗವೇ! ಪ್ರಕೃತಿ ಕೊಡದಿದ್ದುದನ್ನು ಸಾಲಮಾಂಕಾ ಕಡ ಕೊಡಲಾರದು ಎಂಬ ಇನ್ನೊಂದು ಹಳೆಯ ಗಾದೆಯೂ ಅಲ್ಲಿದೆ. ಆದರೆ ಕಪ್ಪೆಯನ್ನು ಹುಡುಕುವವರು ಈ ಗಾದೆಯನ್ನು ನಂಬಿದಂತೆ ಕಾಣುವುದಿಲ್ಲ.

ಅಪವಾದಗಳೂ ಆ ಕಪ್ಪೆಯಂತೆಯೇ. ನಿಯಮದ ಕೆತ್ತನೆಯ ನಡುವೆ ಅಡಗಿ ಕುಳಿತಿರುತ್ತವೆ. ಹೋಗು, ಇರು, ಹೊಂದು, ಮಾಡು, ಹೇಳು—ಅತಿಯಾಗಿ ಬಳಕೆಯಾಗುವ ಕ್ರಿಯಾಪದಗಳೇ ಸ್ಪ್ಯಾನಿಷಿನಲ್ಲಿ ಅತಿಯಾಗಿ ದಾರಿತಪ್ಪುವಂಥವು. ಹೆಚ್ಚು ಜನ ತುಳಿದ ಮೆಟ್ಟಿಲೇ ಹೆಚ್ಚು ಸವೆಯುವುದಷ್ಟೆ. ‘ಬರು’ ಎಂಬುದು ‘ಬಂದ’ ಎಂದೂ ‘ಸಾಯು’ ಎಂಬುದು ‘ಸತ್ತ’ ಎಂದೂ ಏಕಾಯಿತೆಂದು ಕನ್ನಡಿಗನು ಎಂದಾದರೂ ನಿಂತು ಯೋಚಿಸಿದ್ದಾನೆಯೆ?

ಗಡಿಯಾರದ ಕೆಳಗೆ

ನೆಬ್ರೀಹಾನ ಕತೆಯ ಉಳಿದ ಭಾಗ ಅಷ್ಟು ಸುಖಕರವಾದುದಲ್ಲ. ಅವನ ಲ್ಯಾಟಿನ್ ಪಠ್ಯಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಆದರೆ 1492ರ ಈ ವ್ಯಾಕರಣವು ಅವನು ಬದುಕಿರುವವರೆಗೆ ಎರಡನೆಯ ಮುದ್ರಣವನ್ನು ಕಾಣಲಿಲ್ಲ. 1513ರಲ್ಲಿ ಸಾಲಮಾಂಕಾದ ವ್ಯಾಕರಣ ಪೀಠಕ್ಕೆ ನಡೆದ ಸ್ಪರ್ಧೆಯಲ್ಲಿ ಆ ವೃದ್ಧ ಪಂಡಿತನನ್ನು ಬಿಟ್ಟು ಕಿರಿಯನೊಬ್ಬನನ್ನು ಆರಿಸಿದರು. ನೊಂದ ನೆಬ್ರೀಹಾ ಊರನ್ನು ತೊರೆದು ಅಲ್ಕಲಾ ನಗರದ ಹೊಸ ವಿಶ್ವವಿದ್ಯಾನಿಲಯವನ್ನು ಸೇರಿ, 1522ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು.

ಆದರೆ ಬಿಷಪ್ಪನ ಮಾತು ನಿಜವಾಯಿತು. ಸ್ಪ್ಯಾನಿಷ್ ಭಾಷೆಯು ಹಡಗನ್ನೇರಿ, ಖಡ್ಗದ ಬೆನ್ನ ಹಿಂದೆ, ಅಮೆರಿಕ ಖಂಡವನ್ನೆಲ್ಲ ವ್ಯಾಪಿಸಿತು. ಅಲ್ಲಿನ ಎಷ್ಟೋ ನುಡಿಗಳು ಆಡುವವರಿಲ್ಲದೆ ಅಳಿದವು. ಅದೇ ವೇಳೆಗೆ ನೆಬ್ರೀಹಾ ತೋರಿದ ವ್ಯಾಕರಣ ವಿಧಾನವನ್ನು ಹಿಡಿದು ಪಾದ್ರಿ ಆಂದ್ರೆಸ್ ದೆ ಓಲ್ಮೊಸ್ 1547ರಲ್ಲಿ ಮೆಕ್ಸಿಕೊದ ನಾವಾತ್ಲ್ ಭಾಷೆಗೂ, ದೊಮಿಂಗೊ ದೆ ಸಾಂತೊ ತೊಮಾಸ್ 1560ರಲ್ಲಿ ಪೆರುವಿನ ಕೆಚುವಾ ಭಾಷೆಗೂ ವ್ಯಾಕರಣಗಳನ್ನು ಬರೆದರು. ಕಲಿಸಹೋದವರು ಮೊದಲು ಕಲಿಯಬೇಕಾಯಿತು. ಇಂದು ಸುಮಾರು 50 ಕೋಟಿ ಜನರಿಗೆ ಸ್ಪ್ಯಾನಿಷ್ ಮಾತೃಭಾಷೆ. ಅವರಲ್ಲಿ ಸ್ಪೇನಿನವರು ಹತ್ತರಲ್ಲೊಂದು ಪಾಲು ಮಾತ್ರ. ರಾಜ್ಯ ಬಿದ್ದರೆ ಭಾಷೆಯೂ ಬೀಳುವುದೆಂದು ನೆಬ್ರೀಹಾ ನಂಬಿದ್ದನು. ಆ ಸಾಮ್ರಾಜ್ಯ ಕರಗಿ ಶತಮಾನ ಕಳೆದರೂ ಭಾಷೆ ಉಳಿದು ಬೆಳೆದಿದೆ. ಆ ಒಂದು ಮಾತಿನಲ್ಲಿ ಮಾತ್ರ ಪಂಡಿತನು ತಪ್ಪಿದನು.

ವ್ಯಾಕರಣದ ಎರಡು ದನಿಗಳು ಇಂದಿಗೂ ಅಳಿದಿಲ್ಲ. ಪ್ರವಾಸಕ್ಕಾಗಿ ಕಲಿಯುವವನಿಗೆ ‘ಸೆರ್’, ‘ಎಸ್ತಾರ್’ಗಳ ತಪ್ಪು ಒಂದು ನಗೆಯ ಸಂಗತಿ. ಆದರೆ ದುಡಿಯಲು ಬಂದು ಸ್ಪೇನಿನಲ್ಲಿ ನೆಲೆಸಿದವನಿಗೆ ಅದು ಹಾಗಲ್ಲ. 2015ರಿಂದೀಚೆಗೆ, ಸ್ಪ್ಯಾನಿಷ್ ಆಡಳಿತಭಾಷೆಯಲ್ಲದ ದೇಶಗಳಿಂದ ಬಂದ ವಯಸ್ಕರು ಆ ನಾಡಿನ ಪೌರತ್ವವನ್ನು ಪಡೆಯಬೇಕಾದರೆ ಸಾಮಾನ್ಯವಾಗಿ ಭಾಷಾಪರೀಕ್ಷೆಯ ಎರಡನೆಯ ಮೆಟ್ಟಿಲನ್ನು ದಾಟಲೇಬೇಕು. ಆ ಮೆಟ್ಟಿಲಿನಲ್ಲಿ ಕೇಳುವುದು ಈ ಪಾಠಗಳನ್ನೇ: ಲಿಂಗ, ವಚನ, ಎರಡು ‘ಇರು’ಗಳು, ಎರಡು ಭೂತಕಾಲಗಳು. ಬೆಳಗಿನ ಬೀದಿಯಲ್ಲಿ ಕ್ರಿಯಾಪದಗಳನ್ನು ಜಪಿಸುತ್ತ ನಡೆದ ಮೊರಾಕ್ಕೊದ ಯುವಕನಂಥವರಿಗೆ ಒಂದು ಪ್ರತ್ಯಯದ ಮೇಲೆ ಒಂದು ಸಂಸಾರದ ಭವಿಷ್ಯ ನಿಂತಿರಬಹುದು.

ಸಂಜೆಯಾಗುತ್ತದೆ. ಪ್ಲಾಥ ಮಯೋರಿನ ಪುರಭವನದ ಗಡಿಯಾರದ ಕೆಳಗೆ ಜನ ಸೇರುತ್ತಾರೆ. ‘ಗಡಿಯಾರದ ಕೆಳಗೆ ಸಿಗೋಣ’ ಎಂಬುದು ಈ ಊರಿನ ರೂಢಿಯ ಮಾತು. ಹಿಂದಿನ ಕಾಲದಲ್ಲಿ ಇದೇ ಚೌಕದ ಸುತ್ತ ಗಂಡಸರು ಒಂದು ದಿಕ್ಕಿಗೂ ಹೆಂಗಸರು ಎದುರು ದಿಕ್ಕಿಗೂ ತಿರುಗಾಡುತ್ತಿದ್ದರಂತೆ, ‘ಎಲ್’ ಮತ್ತು ‘ಲಾ’ಗಳ ಹಾಗೆ. ಈಗ ಎಲ್ಲರೂ ಬೆರೆತು ನಡೆಯುತ್ತಾರೆ. ದೀಪಗಳು ಹೊತ್ತಿಕೊಂಡಾಗ ಕಲ್ಲಿನ ಹೊಂಬಣ್ಣ ಇಮ್ಮಡಿಯಾಗುತ್ತದೆ.

ಅಲ್ಲಿ ಹೊಸದಾಗಿ ಕಲಿಯಬಂದವನು, ಮಗುವಿನಂತೆ ತೊದಲುತ್ತ, ಕೈಯನ್ನು ಗಂಡು ಮಾಡಿ, ದಿನವನ್ನು ಹೆಣ್ಣು ಮಾಡಿ, ಬೆಂಚಿನ ಮೇಲೆ ಕುಳಿತ ಅಜ್ಜಿಯೊಬ್ಬಳಲ್ಲಿ ದಾರಿ ಕೇಳುತ್ತಾನೆ. ಆಕೆ ನಗುವುದಿಲ್ಲ. ತಪ್ಪಿದ ಮಾತನ್ನು ಸರಿಯಾದ ರೂಪದಲ್ಲಿ, ಮೆಲ್ಲಗೆ, ಒಮ್ಮೆ ಹೇಳಿ, ಬಳಿಕ ದಾರಿಯನ್ನು ತೋರಿಸುತ್ತಾಳೆ. ನೆಬ್ರೀಹಾ ಯಾರೆಂದು ಆಕೆಗೆ ತಿಳಿದಿರಲಿ ಇಲ್ಲದಿರಲಿ, ಅವನ ಐದನೆಯ ಪುಸ್ತಕ ಆಕೆಯ ಬಾಯಲ್ಲಿದೆ. ಕಲಿಯುವವನ ನಾಲಗೆಯೂ ಗಣಿಯಿಂದ ಹೊಸದಾಗಿ ಬಂದ ಆ ಊರಿನ ಕಲ್ಲಿನಂತೆ. ಇನ್ನೂ ಮೆತ್ತಗಿದೆ, ಗಾಳಿಬಿಸಿಲುಗಳಿಗೆ ಒಡ್ಡಿಕೊಳ್ಳುತ್ತ ಬಲಿಯಬೇಕು, ಬಣ್ಣವೇರಬೇಕು.